ಹೊಸ ಕ್ಲಚ್‌ಗೂ ಬೇಕು ಅಂಬಾರಿಗೆ ಮುಂಚಿನ ತಾಲೀಮು

ದಸರೆ ಹತ್ತಿರ ಬಂತೆಂದರೆ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಗಜಪಯಣಕ್ಕೆ ಪೂಜೆ. ಅಲ್ಲಿಂದ ಲಾರಿ ಹತ್ತಿ ಮೈಸೂರಿಗೆ ಬಂದ ಆನೆಯ ಬೆನ್ನಿಗೆ ಮಾರನೇ ದಿನವೇ 750 ಕಿಲೋ ಅಂಬಾರಿ ಕಟ್ಟೋದಿಲ್ಲ. ಮೊದಲು ಬರೀ ನಡಿಗೆ, ಆಮೇಲೆ ಮರಳು ಮೂಟೆ, ಮೂಟೆ ತೂಕ ಸ್ವಲ್ಪ ಸ್ವಲ್ಪವೇ ಏರಿಸಿ ಕೊನೆಗೆ ಮರದ ಅಂಬಾರಿ. ಆನೆಗೆ ಶಕ್ತಿ ಇಲ್ಲ ಅಂತಲ್ಲ. ಹೊಸ ಭಾರಕ್ಕೆ ಮೈ ಒಗ್ಗಬೇಕು.

ಇದೇ ಊರಿನ ಅರಣ್ಯ ಗೇಟ್ ದಾಟಿ ನಾಗರಹೊಳೆ, ಕುಟ್ಟ ಕಡೆಗೆ ಹೋಗುವ ಕಾರುಗಳಲ್ಲಿ ಜೋರಾದ ಟರ್ಬೊ ಕಾರುಗಳೂ ಇರುತ್ತವೆ. ನಿನ್ನೆ ತಾನೇ ಮೈಸೂರಿನಲ್ಲಿ ಹೊಸ ಕ್ಲಚ್ ಹಾಕಿಸಿ, ಇವತ್ತು ನಾಲ್ಕು ಜನ, ಲಗೇಜು ತುಂಬಿಕೊಂಡು ಹೊರಟವರು ಅಂದುಕೊಳ್ಳಿ. ಗೇಟ್ ಸಾಲಿನಲ್ಲಿ ಹಾಫ್ ಕ್ಲಚ್‌ನಲ್ಲೇ ತೆವಳಿದರೆ, ಮುಂದೆ ಘಟ್ಟದಲ್ಲಿ ಓವರ್‌ಟೇಕ್ ಅಂತ ಆಕ್ಸಿಲರೇಟರ್ ಒತ್ತಿದರೆ, ಸುಟ್ಟ ವಾಸನೆ ಬರಲು ಹೆಚ್ಚು ಹೊತ್ತು ಬೇಕಿಲ್ಲ. ಕಾಡಿನೊಳಗೆ ಗಾಡಿ ನಿಲ್ಲಿಸುವ ಹಾಗಿಲ್ಲ, ಸಂಜೆ ಗೇಟ್ ಮುಚ್ಚುತ್ತದೆ. ಕ್ಲಚ್ ಕೈಕೊಡಲು ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ.

ಅಷ್ಟಕ್ಕೂ ಒಳಗೆ ಆಗುವುದೇನು? ಎಂಜಿನ್ ಜೊತೆ ತಿರುಗುವ ಫ್ಲೈವ್ಹೀಲ್‌ಗೂ ಪ್ರೆಷರ್ ಪ್ಲೇಟ್‌ಗೂ ನಡುವೆ ಕ್ಲಚ್ ಪ್ಲೇಟ್ ಅದುಮಿಕೊಂಡಿರುತ್ತದೆ. ಈ ಮೂರರ ಮೈ ಕಣ್ಣಿಗೆ ನುಣುಪು ಕಂಡರೂ ಹೊಸದರಲ್ಲಿ ಪೂರ್ತಿ ಕೂಡುವುದಿಲ್ಲ, ಎತ್ತರದ ಬಿಂದುಗಳು ಮಾತ್ರ ತಾಗುತ್ತವೆ. ಉಜ್ಜಾಟದ ಬಿಸಿಯೆಲ್ಲ ಅಲ್ಲೇ ಸೇರುತ್ತದೆ. ಆಗ ಪ್ಲೇಟ್‌ನ ಲೈನಿಂಗ್‌ನಲ್ಲಿರುವ ಅಂಟು ಕಾದು ಮೇಲೆ ಗಾಜಿನಂಥ ಪದರ ಕಟ್ಟುತ್ತದೆ, ಫ್ಲೈವ್ಹೀಲ್ ಮೇಲೆ ನೀಲಿ ಕಲೆ ಬೀಳುತ್ತದೆ. ಅಲ್ಲಿಂದಾಚೆ ಕಾರು ಹೊರಡುವಾಗ ನಡುಗುತ್ತದೆ, ಕ್ಲಚ್ ಜಾರುತ್ತದೆ. ಎಷ್ಟು ನಿಧಾನವಾಗಿ ಓಡಿಸಿದರೂ ಆ ಕ್ಲಚ್ ಮೊದಲಿನಂತಾಗುವುದು ಕಷ್ಟ.

ಬಿಸಿಯ ಲೆಕ್ಕವೂ ಸರಳ. ಸಮತಟ್ಟು ರಸ್ತೆಯಲ್ಲಿ ನಿಂತ ಕಾರು ಹೊರಡುವಾಗ ಕ್ಲಚ್ ನುಂಗುವ ಶಾಖ, ಎಂಜಿನ್ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 1,200 ಕಿಲೋ ತೂಕದ ಕಾರನ್ನು 1,500 ಆರ್‌ಪಿಎಂನಲ್ಲಿ ಹೊರಡಿಸಿದರೆ ಸುಮಾರು 7 ಕಿಲೋಜೂಲ್. 3,000ಕ್ಕೆ ಏರಿಸಿದರೆ ಅದರ ನಾಲ್ಕು ಪಟ್ಟು. ಸಿಗ್ನಲ್‌ನಲ್ಲಿ 6,000ಕ್ಕೆ ಏರಿಸಿ ಪೆಡಲ್ ಬಿಟ್ಟರೆ ಹದಿನಾರು ಪಟ್ಟು! ಒಂದು ನಿಮಿಷದ ಷೋಕಿಗೆ ಹದಿನಾರು ಸಲ ಹೊರಟಷ್ಟು ಬಿಸಿ.

ಸಾಮಾನ್ಯ ಲೈನಿಂಗ್ ಇರುವ ಕ್ಲಚ್‌ಗೆ ತಯಾರಕರು ಸಾಮಾನ್ಯವಾಗಿ ಹೇಳುವುದು ಸುಮಾರು 800 ಕಿಲೋಮೀಟರ್ ಪಳಗಿಸುವ ಓಡಾಟ. ಇಲ್ಲೇ ಬಹಳ ಜನ ಎಡವುತ್ತಾರೆ. ಹೆದ್ದಾರಿಯಲ್ಲಿ ದೂರದ ಊರಿಗೆ ಹೋಗಿ ಬಂದೆ, ಲೆಕ್ಕ ಮುಗೀತು ಅಂತಾರೆ. ಹೆದ್ದಾರಿಯಲ್ಲಿ ಟಾಪ್ ಗೇರ್‌ನಲ್ಲಿ ಓಡುವಾಗ ಕ್ಲಚ್ ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ, ಉಜ್ಜಾಟವೇ ಇಲ್ಲ. ಪಳಗಿಸುವುದು ದೂರವಲ್ಲ, ಒತ್ತಿ ಬಿಡುವ ಸಂಖ್ಯೆ. ಹುಣಸೂರು ಪೇಟೆ, ಬಸ್ ಸ್ಟ್ಯಾಂಡ್ ರಸ್ತೆ, ಹಂಪುಗಳಿರುವ ಹಳ್ಳಿ ದಾರಿ, ಇವೇ ಒಳ್ಳೆ ತಾಲೀಮು. ಆದರೆ ನಡುನಡುವೆ ತಣಿಯಲು ಬಿಡಬೇಕು.

ಹಾಗಾದರೆ ಮಾಡಬೇಕಾದ್ದೇನು? ಕ್ಲಚ್ ಹಾಕಿಸುವಾಗಲೇ ಫ್ಲೈವ್ಹೀಲ್ ನೋಡಿಸಿ. ಸವೆದಿದ್ದರೆ ಲೇತ್‌ನಲ್ಲಿ ಮಟ್ಟ ಮಾಡಿಸಬೇಕು, ಆಗದಿದ್ದರೆ ಬದಲಿಸಬೇಕು. ರಿಲೀಸ್ ಬೇರಿಂಗ್ ಹಳೆಯದನ್ನೇ ಉಳಿಸಬೇಡಿ. ಗ್ರೀಸ್ ಕೈ ಲೈನಿಂಗ್‌ಗೆ ತಾಗಬಾರದು. ಆಮೇಲೆ ಮೊದಲ ಗೇರ್‌ನಲ್ಲೇ, 1,500ರ ಆಸುಪಾಸಿನಲ್ಲೇ ಹೊರಡಿ. ಗೇರ್ ಬಿದ್ದ ಮೇಲೆ ಕಾಲು ಪೆಡಲ್ ಮೇಲೆ ಇಡಬೇಡಿ. ಏರಿನಲ್ಲಿ ನಿಲ್ಲಲು ಹ್ಯಾಂಡ್ ಬ್ರೇಕ್ ಇದೆ, ಕ್ಲಚ್ ಬೇಡ. ಅರ್ಧಕ್ಕಿಂತ ಹೆಚ್ಚು ಆಕ್ಸಿಲರೇಟರ್ ಬೇಡ. ಟರ್ಬೊ ಕಾರಿನವರು ಇನ್ನೂ ಹುಷಾರಾಗಿರಬೇಕು: ಕಡಿಮೆ ಆರ್‌ಪಿಎಂನಲ್ಲೇ ಪೂರ್ತಿ ಎಳೆತ ಬರುವುದರಿಂದ, ಐದನೇ ಗೇರ್‌ನಲ್ಲಿ ನಿಧಾನ ಹೋಗುತ್ತಾ ಒಮ್ಮೆಲೇ ಒತ್ತಿದರೂ ಹೊಸ ಕ್ಲಚ್ ಜಾರಬಹುದು. ಸ್ಪೀಡೋಮೀಟರ್ ಏರದೆ ಆರ್‌ಪಿಎಂ ಮುಳ್ಳು ಮಾತ್ರ ಏರಿದರೆ ಜಾರುತ್ತಿದೆ ಅಂತಲೇ ಅರ್ಥ, ತಕ್ಷಣ ಕಾಲು ತೆಗೆಯಿರಿ. ರೇಸಿಗೆಂದು ಮಾಡಿದ ಸೆರಾಮಿಕ್ ಕ್ಲಚ್‌ನ ನಿಯಮ ಬೇರೆ. ಅದರ ಜೊತೆ ಬಂದ ಚೀಟಿಯನ್ನೇ ನಂಬಿ. 800 ಮುಗಿದ ದಿನವೇ ಪೂರ್ತಿ ಒತ್ತಬೇಡಿ, ಮೂಟೆ ಏರಿಸಿದ ಹಾಗೆ ಏರಿಸಿ.

ಇದರಲ್ಲಿ ಗ್ಯಾರೇಜಿನವರ ಪಾಲೂ ಇದೆ. ಬಿಲ್ ಕೊಡುವಾಗ "ಎಲ್ಲಾ ಸರಿ ಇದೆ ಸಾರ್, ಆರಾಮಾಗಿ ಹೋಗಿ" ಅಂತ ಕೀ ಕೊಡುತ್ತಾರೆ. ಸವೆಯುವ ಭಾಗ ಎಂಬ ಕಾರಣಕ್ಕೆ ಲೈನಿಂಗ್ ಸುಟ್ಟರೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ, ಗೇರ್‌ಬಾಕ್ಸ್ ಇಳಿಸುವ ಕೂಲಿ ಮತ್ತೆ ಮಾಲೀಕನ ತಲೆಗೆ. ಎರಡು ಸಾಲಿನ ಚೀಟಿ ಬರೆದು ಸ್ಟೀರಿಂಗ್‌ಗೆ ಅಂಟಿಸಲು ಖರ್ಚಾಗುವುದು ಅರ್ಧ ನಿಮಿಷ. ಅವರು ಹೇಳದಿದ್ದರೆ ನಾವೇ ಕೇಳಬೇಕು.

ಹುಣಸೂರು, ಪಿರಿಯಾಪಟ್ಟಣದ ಟ್ರ್ಯಾಕ್ಟರ್‌ಗೂ ಮಾತು ಇದೇ. ಪ್ಲೇಟ್ ಹಾಕಿಸಿದ ದಿನವೇ ತುಂಬಿದ ಟ್ರೈಲರ್ ಕಟ್ಟಿ ಏರು ಹತ್ತಿಸಿದರೆ ಸುಡುವುದು ಪ್ಲೇಟ್ ಮಾತ್ರ ಅಲ್ಲ, ಸುಗ್ಗಿಯ ನಡುವೆ ಎರಡು ದಿನದ ಕೆಲಸವೂ.