ಸಸ್ಯಸಂಕರವೂ ವರ್ಣತಂತುಗಳ ದ್ವಿಗುಣನವೂ

ಧರ್ಮಶಾಸ್ತ್ರದಲ್ಲಿ ‘ಸಂಕರ’ಶಬ್ದವು ನಿಂದಾವಾಚಕ, ಅಲಂಕಾರಶಾಸ್ತ್ರದಲ್ಲಿ ಅದೇ ಶಬ್ದವು ಕಾವ್ಯಶೋಭೆಯೊಂದರ ಹೆಸರು. ಅಲಂಕಾರಗಳು ಎಳ್ಳು ಅಕ್ಕಿಗಳಂತೆ ಬೇರೆಬೇರೆಯಾಗಿ ತೋರುತ್ತ ಕೂಡಿದರೆ ಸಂಸೃಷ್ಟಿ. ಹಾಲು ನೀರುಗಳಂತೆ ಬೆರೆತರೆ ಸಂಕರ. ಸಸ್ಯಗಳ ಎರಡು ಜಾತಿಗಳು ಕೂಡಿದಾಗ ಆಗುವುದು ಇವುಗಳಲ್ಲಿ ಯಾವುದು? ಅಂಥ ಕೂಟದಿಂದ ಹೊಸ ಜಾತಿಯು ಹುಟ್ಟುವುದೋ, ವಂಶವು ಅಲ್ಲಿಗೇ ನಿಲ್ಲುವುದೋ? ನಿತ್ಯವೂ ಒಗ್ಗರಣೆಗೆ ಬೀಳುವ ಸಾಸಿವೆಯೇ ಈ ವಿಚಾರಕ್ಕೆ ತಕ್ಕ ನಿದರ್ಶನವಾಗಿದೆ.

ಜೀವಕೋಶದ ಕೇಂದ್ರದಲ್ಲಿ ವರ್ಣತಂತುಗಳೆಂಬ ಸೂಕ್ಷ್ಮವಾದ ಎಳೆಗಳುಂಟು. ವಂಶಗುಣಗಳು ಇವುಗಳಲ್ಲಿ ನೆಲಸಿರುವುವು. ತಾಯಿಯಿಂದ ಒಂದು ಗಣ, ತಂದೆಯಿಂದ ಒಂದು ಗಣ, ಹೀಗೆ ಇವು ಜೋಡಿಯಾಗಿ ಬರುವುವು. ಪರಾಗವೂ ಅಂಡವೂ ಸಿದ್ಧವಾಗುವಾಗ ಪ್ರತಿಯೊಂದು ತಂತುವೂ ತನ್ನ ಸಜಾತೀಯವಾದ ಜೊತೆಯನ್ನು ಕೂಡಿ, ಬಳಿಕ ಅಗಲಿ, ಸಮಭಾಗವಾಗಿ ಹಂಚಿಹೋಗಬೇಕು. ಕರಿಸಾಸಿವೆಯಲ್ಲಿ ಈ ತಂತುಗಳು 16. ಟರ್ನಿಪ್ ಗೆಡ್ಡೆಯ ಜಾತಿಯಲ್ಲಿ 20. ಇವೆರಡರ ಸಂಕರದಿಂದ ಹುಟ್ಟಿದ ಗಿಡಕ್ಕೆ ಒಂದು ಕಡೆಯಿಂದ 8, ಇನ್ನೊಂದು ಕಡೆಯಿಂದ 10, ಒಟ್ಟು 18 ತಂತುಗಳು ದೊರೆಯುವುವು. ಆದರೆ ಅವುಗಳಿಗೆ ತಕ್ಕ ಜೊತೆಯಿಲ್ಲ. ಆದುದರಿಂದ ಹಂಚಿಕೆಯು ಕೆಡುವುದು, ಪರಾಗವು ನಿಸ್ಸಾರವಾಗುವುದು. ಹೇಸರಗತ್ತೆಯಂತೆ ಈ ಗಿಡವೂ ಪ್ರಾಯಶಃ ಬಂಜೆಯೇ.

ಆದರೆ ಒಮ್ಮೊಮ್ಮೆ ಪರಾಗದಲ್ಲಿಯೂ ಅಂಡದಲ್ಲಿಯೂ ತಂತುಗಳ ಸಂಖ್ಯೆಯು ಅರ್ಧಕ್ಕಿಳಿಯದೆ ಪೂರ್ಣವಾಗಿಯೇ ಉಳಿಯುವುದುಂಟು. ಅಂಥವೆರಡು ಕೂಡಿದರೆ 36 ತಂತುಗಳ ಗಿಡವು ಹುಟ್ಟುವುದು. ಈಗ ಹದಿನೆಂಟಕ್ಕೂ ಜೊತೆಯುಂಟು, ಬಂಜೆತನವು ನೀಗಿತು. ಈ ಗಿಡವು ಮೂಲಜಾತಿಯೊಡನೆ ಮರಳಿ ಕೂಡಿದರೆ ಸಂತತಿಗೆ ಮೂರು ಗಣಗಳು ಬಂದು ಹಂಚಿಕೆಯು ಮತ್ತೆ ಕೆಡುವುದು. ಆ ಕಾರಣದಿಂದ ಇದು ಪ್ರತ್ಯೇಕಜಾತಿಯಾಗಿ ನಿಲ್ಲುವುದು. ನಮ್ಮ ದೇಶದ ಸಾಸಿವೆಯು ಇಂಥ ದ್ವಿಗುಣನದಿಂದಲೇ ಉಂಟಾದುದು. ಅದರಲ್ಲಿ ಎರಡು ವಂಶಗಳ ತಂತುಗಳೂ ಬಹುಮಟ್ಟಿಗೆ ತಂತಮ್ಮ ಗಣದೊಳಗೇ ಜೊತೆಗೂಡುವುವು. ಹೊರಗೆ ಕ್ಷೀರನೀರದಂತೆ ಕಾಣುವುದು ಒಳಗೆ ತಿಲತಂಡುಲವೇ ಆಗಿದೆ.

ಈ ಸಂಬಂಧವನ್ನು 1935ರಲ್ಲಿ ತ್ರಿಕೋಣರೂಪವಾಗಿ ನಿರೂಪಿಸಿದವರು ಜಪಾನಿನಲ್ಲಿ ಸಂಶೋಧನೆ ನಡೆಸುತ್ತಿದ್ದ ನಾಗಹಾರು ಉ ಎಂಬ ವಿದ್ವಾಂಸರು. ಕರಿಸಾಸಿವೆ, ಟರ್ನಿಪ್, 18 ತಂತುಗಳುಳ್ಳ ಎಲೆಕೋಸು ಎಂಬಿವು ಮೂರು ಮೂಲಜಾತಿಗಳು. ಎಲೆಕೋಸು ಟರ್ನಿಪ್‌ಗಳಿಂದ 38 ತಂತುಗಳ ರೇಪ್ ಎಂಬ ಎಣ್ಣೆಗಿಡ. ಎಲೆಕೋಸು ಕರಿಸಾಸಿವೆಗಳಿಂದ 34 ತಂತುಗಳ ಇಥಿಯೋಪಿಯಾದ ಸಾಸಿವೆ. ರೇಪ್ ಗಿಡವನ್ನು ಅವರು ಮೂಲಜಾತಿಗಳ ಸಂಕರದಿಂದಲೇ ಪಡೆದು ತೋರಿಸಿದರು. ಅನುಮಾನಕ್ಕೆ ಪ್ರತ್ಯಕ್ಷವು ಬೆಂಬಲವಾಯಿತು.

ಈ ಮೂಲಜಾತಿಗಳೂ ಸರ್ವಥಾ ಶುದ್ಧವಲ್ಲ. ಅವುಗಳ ಪೂರ್ವಜರಲ್ಲಿ ಗಣವು ಮೂರುಪಟ್ಟಾಗಿದ್ದ ಗುರುತುಗಳು ಇಂದಿಗೂ ಉಳಿದಿವೆ. ನ್ಯೂ ಕ್ಯಾಲೆಡೋನಿಯ ದ್ವೀಪದ ಆಂಬೊರೆಲ್ಲ ಎಂಬ ಸಸ್ಯದ ವಂಶಲಿಪಿಯು 2013ರಲ್ಲಿ ಪ್ರಕಟವಾದಾಗ, ಹೂಬಿಡುವ ಸಸ್ಯಗಳೆಲ್ಲವುಗಳ ಮೂಲವಂಶದಲ್ಲಿಯೇ ಒಂದು ದ್ವಿಗುಣನವು ನಡೆದಿತ್ತೆಂಬ ಅಭಿಪ್ರಾಯಕ್ಕೆ ಪುಷ್ಟಿ ದೊರೆಯಿತು. ದ್ವಿಗುಣನದ ಬಳಿಕ ಒಂದು ಪ್ರತಿಯು ಹಳೆಯ ಕಾರ್ಯವನ್ನು ನಡೆಸುತ್ತಿರಲು, ಇನ್ನೊಂದು ಪ್ರತಿಯು ಲೋಪವಾಗಬಹುದು, ಇಲ್ಲವೆ ಹೊಸ ಕಾರ್ಯಕ್ಕೆ ತಿರುಗಬಹುದು. ವೈವಿಧ್ಯಕ್ಕೆ ಅವಕಾಶವು ದೊರೆಯುವುದು ಇಲ್ಲಿಯೇ. ಆದರೆ ದ್ವಿಗುಣಿತವಾದ ವಂಶಗಳೆಲ್ಲವೂ ಬಾಳುವುದಿಲ್ಲ, ಅಳಿಯುವುವೂ ಉಂಟು.

ಹೀಗೆ ಸಸ್ಯಲೋಕದಲ್ಲಿ ಸಂಕರವು ವಂಶನಾಶವೆಂದಾಗಲಿ ವಂಶವೃದ್ಧಿಯೆಂದಾಗಲಿ ಒಂದೇ ಮಾತಿನಲ್ಲಿ ನಿರ್ಣಯಿಸಲಾಗದು. ಕೂಡಿದ ಎರಡೂ ತಂತಮ್ಮ ಜೊತೆಯನ್ನು ಪಡೆದುವೆ ಎಂಬುದೇ ಪ್ರಶ್ನೆ. ಪಡೆದುವಾದರೆ ಸಂಕರವೇ ಜಾತಿಯಾಗುವುದು.