ಸೋಲಾಪುರದಲ್ಲಿ ಬಾಡಿಗೆ ಮನೆ ಹಿಡಿಯುವಾಗ
ಮಕ್ಕಳ ಓದಿಗೆಂದು ಅಕ್ಕಲಕೋಟ, ಜತ್ತ ಕಡೆಯಿಂದ ಸೋಲಾಪುರದಲ್ಲಿ ಮನೆ ಮಾಡುವ ನಮ್ಮವರು ಮೊದಲು ಕೇಳುವುದು ಬಾಡಿಗೆ ಎಷ್ಟು, ಜಿನಮಂದಿರ ಎಷ್ಟು ದೂರ ಎಂದು. ಕರಾರಿನ ಮಾತು ಬಂದರೆ ಮಾತ್ರ, “ನಮ್ಮವರೇ ಅಲ್ಲವೇ, ಕಾಗದ ಯಾಕೆ?” ಎನ್ನುತ್ತಾರೆ. ಅಂಗಡಿಯಲ್ಲಿ ಹತ್ತು ರೂಪಾಯಿ ಉದ್ರಿಯನ್ನೂ ಖಾತೆಗೆ ಬರೆಯುವವರು ನಾವು!

ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನಂತೆ ಕರಾರು ಬರವಣಿಗೆಯಲ್ಲಿರಬೇಕು, ನೋಂದಣಿಯೂ ಆಗಬೇಕು. 11 ತಿಂಗಳಿನದಕ್ಕೆ ಬೇಡವೆಂಬುದು ತಪ್ಪು ತಿಳುವಳಿಕೆ. ನೋಂದಣಿಯ ಹೊಣೆ ಮಾಲಕರದು. ಮಾಡಿಸದಿದ್ದರೆ, ಬೇರೆ ಪುರಾವೆ ಇಲ್ಲದಾಗ, ಷರತ್ತುಗಳ ಬಗ್ಗೆ ಬಾಡಿಗೆದಾರನ ಮಾತೇ ನಡೆಯುತ್ತದೆ. ಮಾಲಕರಿಗೆ ಶಿಕ್ಷೆಯೂ ಉಂಟು. ಮನೆ ಕೊಡುವ ನಮ್ಮ ಬಂಧುಗಳೂ ಇದನ್ನು ಗಮನಿಸಬೇಕು.

ಡಿಪಾಜಿಟ್ ಯಾವಾಗ ಮರಳಬೇಕು, ಸುಣ್ಣಬಣ್ಣದ ಖರ್ಚು ಯಾರದು, ಎಲ್ಲ ಬರೆಸಿರಿ. ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ನೆರೆಯವರನ್ನು ಕೇಳಿ, ಟಾಕಿ ನೋಡಿ, ಆಮೇಲೆ ಸಹಿ ಮಾಡಿರಿ.