ಬೇಡದ ಟಪ್ಪಾಲಿಗೆ ಬಾಗಿಲು ಹಾಕುವುದು ಹೇಗೆ?

ಮಗಳ ಬಾಣಂತನಕ್ಕೋ ಮಗನ ಗೃಹಪ್ರವೇಶಕ್ಕೋ ಅಮೆರಿಕಕ್ಕೆ ಹೋಗಿಬಂದ ಹಿರಿಯರನ್ನು ಮಾತನಾಡಿಸಿ ನೋಡಿ. ಹಿಮ, ಹೆದ್ದಾರಿ, ನಯಾಗರ ಎಲ್ಲ ಮುಗಿದ ಮೇಲೆ ಅವರು ಹೇಳುವ ಸಂಗತಿಗಳಲ್ಲಿ ಅಲ್ಲಿನ ಟಪ್ಪಾಲೂ ಒಂದು. ಮಕ್ಕಳು ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಉಳಿದವರಿಗೆ ಅಂಚೆಯ ಬಿಳಿ ವ್ಯಾನು ಬರುವುದೇ ದಿನದ ದೊಡ್ಡ ಘಟನೆ. ಡಬ್ಬಿ ತೆರೆದರೆ ಕೈತುಂಬ ಕಾಗದ! ಕ್ರೆಡಿಟ್ ಕಾರ್ಡಿನ ಆಹ್ವಾನ, ಪಿಜ್ಜಾ ಕೂಪನ್ನು, ಕಾರಿನ ವಿಮೆ, ಕಿವಿ ಕೇಳಿಸುವ ಯಂತ್ರ, ಹಲ್ಲಿನ ಡಾಕ್ಟರರ ನಗುಮುಖ. ಇವುಗಳ ನಡುವೆ ಎಲ್ಲೋ ಒಂದು ವಿದ್ಯುತ್ ಬಿಲ್ಲು ಅವಿತಿರುತ್ತದೆ.

ಅಲ್ಲಿಯವರು ಇದನ್ನು ಜಂಕ್ ಮೇಲ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ರದ್ದಿ ಟಪ್ಪಾಲು. ನಮ್ಮಲ್ಲಾದರೆ ರದ್ದಿಯನ್ನು ತೂಕಕ್ಕೆ ಹಾಕಿ ನಾಲ್ಕು ಕಾಸು ನೋಡಬಹುದು. ಅಲ್ಲಿ ಹಳೇ ಪೇಪರಿನವನು ಬೀದಿಯಲ್ಲಿ ಕೂಗಿಕೊಂಡು ಬರುವುದಿಲ್ಲ.

2023ರ ಲೆಕ್ಕವರ್ಷದಲ್ಲಿ ಅಮೆರಿಕದ ಅಂಚೆ ಇಲಾಖೆ ಸಾಗಿಸಿದ ಜಾಹೀರಾತು ಟಪ್ಪಾಲು ಸುಮಾರು 5,900 ಕೋಟಿ. ಬಿಲ್ಲು, ಪತ್ರ ಮುಂತಾದ ಮೊದಲ ದರ್ಜೆಯ ಟಪ್ಪಾಲು ಸುಮಾರು 4,600 ಕೋಟಿ. ಅಂದರೆ ಜನ ಒಬ್ಬರಿಗೊಬ್ಬರು ಬರೆಯುವುದಕ್ಕಿಂತ, ಕಂಪನಿಗಳು ಜನರಿಗೆ ಬರೆಯುವುದೇ ಅಲ್ಲಿನ ಅಂಚೆಯ ಮುಖ್ಯ ಕಸುಬಾಗಿದೆ. ಇದರಿಂದ ಇಲಾಖೆಗೆ ವರ್ಷಕ್ಕೆ ಸುಮಾರು 1,500 ಕೋಟಿ ಡಾಲರ್ ಹುಟ್ಟುತ್ತದೆ. ಹಾಗಿರುವಾಗ ಅಂಚೆಯವರೇ ಇದನ್ನು ತಡೆದಾರೆಂದು ಕಾಯುವುದು ದಂಡ. ಡಬ್ಬಿಯ ಮೇಲೆ 'ಜಾಹೀರಾತು ಬೇಡ' ಎಂದು ಚೀಟಿ ಅಂಟಿಸಿದರೂ ಪ್ರಯೋಜನವಿಲ್ಲ. ಸ್ಟಾಂಪಿನ ದುಡ್ಡು ಬಂದ ಕಾಗದವನ್ನು ಅಂಚೆಯವನು ಹಾಕಿಯೇ ಹೋಗಬೇಕು.

ಬಂದದ್ದನ್ನು ಬಂದ ಹಾಗೆ ಕಸದ ಬುಟ್ಟಿಗೆ ಹಾಕುವವರೇ ಹೆಚ್ಚು. ಆದರೆ ಬುಟ್ಟಿಗೆ ಬಿದ್ದ ಕಾಗದ ಕಂಪನಿಗೆ ಏನನ್ನೂ ಹೇಳುವುದಿಲ್ಲ. ನಿಮ್ಮ ಹೆಸರು ಒಂದು ಪಟ್ಟಿಯಲ್ಲಿದೆ. ಪಟ್ಟಿಯಲ್ಲಿ ಇರುವವರೆಗೂ ಕಾಗದ ಬರುತ್ತದೆ. ಆದ್ದರಿಂದ ಮದ್ದು ಅರೆಯಬೇಕಾದದ್ದು ಪಟ್ಟಿಗೆ.

ಹೆಸರು ಹೋಗುವ ದಾರಿ

ಪಟ್ಟಿಗೆ ಹೆಸರು ಸೇರಿಸುವವರು ಬಹುಮಟ್ಟಿಗೆ ನಾವೇ. ಮಿಕ್ಸರ್ ಕೊಂಡಾಗ ಡಬ್ಬದಲ್ಲಿ ಒಂದು ನೋಂದಣಿ ಕಾರ್ಡು ಇರುತ್ತದೆ. ಮಿಕ್ಸರಿಗೂ ನಿಮ್ಮ ಮನೆಯ ವರಮಾನಕ್ಕೂ ಏನು ಸಂಬಂಧ? ಕಾರ್ಡಿನಲ್ಲಿ ಮಾತ್ರ ಅದನ್ನೂ ಕೇಳಿರುತ್ತಾರೆ, ಮಕ್ಕಳೆಷ್ಟು, ಹವ್ಯಾಸವೇನು ಎಂಬುದನ್ನೂ. ಸಾಮಾನ್ಯವಾಗಿ ಗ್ಯಾರಂಟಿಗೆ ಅಂಗಡಿಯ ರಸೀದಿಯೇ ಸಾಕು. ಅಂಗಡಿ ಬಾಗಿಲಲ್ಲಿ ಇಟ್ಟ ಲಕ್ಕಿ ಡ್ರಾ ಪೆಟ್ಟಿಗೆ ಇನ್ನೊಂದು ದಾರಿ. ಮನೆ ಬದಲಿಸಿದಾಗ ಅಂಚೆ ಇಲಾಖೆಗೆ ಕೊಡುವ ಕಾಯಂ ವಿಳಾಸ ಬದಲಾವಣೆಯ ಅರ್ಜಿ ಮತ್ತೊಂದು. ನಿಮ್ಮ ಹಳೆಯ ವಿಳಾಸ ಯಾವ ಕಂಪನಿಗಳ ಬಳಿ ಇದೆಯೋ ಅವಕ್ಕೆ ಹೊಸದೂ ಇದರಿಂದ ಸಿಗುತ್ತದೆ. ನೀವು ಮನೆ ಬಿಟ್ಟರೂ ಪಟ್ಟಿ ನಿಮ್ಮನ್ನು ಬಿಡದು.

ಇಲ್ಲಿ ನಮ್ಮವರಿಗೆ ಒಂದು ವಿಶೇಷ ತೊಡಕಿದೆ. ಅಮೆರಿಕದ ಕಂಪ್ಯೂಟರಿಗೆ ಬೇಕಾದದ್ದು ಮೊದಲ ಹೆಸರು, ಕೊನೆಯ ಹೆಸರು. ನಮ್ಮದೋ ಊರು, ತಂದೆಯ ಹೆಸರು, ಇನಿಷಿಯಲ್ಲು ಎಲ್ಲ ಸೇರಿದ ಮೆರವಣಿಗೆ. ವೆಂಕಟೇಶಮೂರ್ತಿ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಒಂದು ಪಟ್ಟಿಯಲ್ಲಿ ವೆಂಕಟೇಶ ಮೂರ್ತಿ, ಇನ್ನೊಂದರಲ್ಲಿ ಮೂರ್ತಿ ವೆಂಕಟೇಶ, ಮತ್ತೊಂದರಲ್ಲಿ ಬರಿಯ 'ವೆಂಕಟ'. ಒಬ್ಬರಿರುವ ಮನೆಯಲ್ಲಿ ಮೂವರು ಗಿರಾಕಿಗಳು ಹುಟ್ಟಿಕೊಂಡರು! ಒಂದೇ ಕ್ಯಾಟಲಾಗು ಮೂರು ಪ್ರತಿ ಬರುವುದು ಹೀಗೆ. ಹೆಸರು ತೆಗೆಸಲು ಹೊರಟಾಗ ಲಕೋಟೆಯ ಮೇಲೆ ಅಚ್ಚಾದ ಕಾಗುಣಿತವನ್ನೇ, ಅದು ಎಷ್ಟೇ ವಿಚಿತ್ರವಾಗಿರಲಿ, ಕೊಡಬೇಕು. ಸರಿಯಾದ ಹೆಸರು ಕೊಟ್ಟರೆ ತಪ್ಪು ಹೆಸರಿನವನಿಗೆ ಕಾಗದ ಬರುತ್ತಲೇ ಇರುತ್ತದೆ. ಕೆಲವು ಜಾಣರು ಇದನ್ನೇ ಉಪಾಯವಾಗಿ ಬಳಸುತ್ತಾರೆ. ಒಂದೊಂದು ಅಂಗಡಿಗೆ ಒಂದೊಂದು ಇನಿಷಿಯಲ್ ಕೊಡುತ್ತಾರೆ. ಆಮೇಲೆ ಯಾವ ಅಂಗಡಿ ಹೆಸರನ್ನು ಮಾರಿಕೊಂಡಿತೆಂಬುದು ಲಕೋಟೆ ನೋಡಿದರೇ ಗೊತ್ತಾಗುತ್ತದೆ.

ಮೊದಲು ನಿಲ್ಲಿಸಬೇಕಾದದ್ದು ಕ್ರೆಡಿಟ್ ಕಾರ್ಡಿನ ಆಹ್ವಾನಗಳನ್ನು. ಪಿಜ್ಜಾದ ಕೂಪನ್ನಿನಿಂದ ಯಾರೂ ಮುಳುಗುವುದಿಲ್ಲ. 'ನಿಮಗೆ ಸಾಲ ಮೊದಲೇ ಮಂಜೂರಾಗಿದೆ' ಎನ್ನುವ ಲಕೋಟೆ ಕಳ್ಳನ ಕೈಗೆ ಸಿಕ್ಕರೆ ನಿಮ್ಮ ಹೆಸರಿನಲ್ಲಿ ಅವನು ಕಾರ್ಡು ಮಾಡಿಸಿಕೊಳ್ಳಲು ನೋಡಬಹುದು. ಈ ಹೆಸರುಗಳನ್ನು ಕೊಡುವವರು ಸಾಲದ ಚರಿತ್ರೆ ಬರೆದಿಡುವ ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್, ಇನೋವಿಸ್ ಎಂಬ ನಾಲ್ಕು ಸಂಸ್ಥೆಗಳು. ಬೇಡವೆನ್ನುವ ಹಕ್ಕನ್ನು ಕಾನೂನು ಕೊಟ್ಟಿದೆ. 1-888-567-8688ಕ್ಕೆ ಫೋನ್ ಮಾಡಿದರೆ ನಾಲ್ಕೂ ಕಡೆ ಒಟ್ಟಿಗೆ ಐದು ವರ್ಷದ ಮಟ್ಟಿಗೆ ನಿಲ್ಲುತ್ತದೆ. ಕಾಯಂ ಆಗಿ ನಿಲ್ಲಬೇಕಾದರೆ ಸಹಿ ಮಾಡಿದ ಫಾರಂ ಕಳಿಸಬೇಕು. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಕೇಳುತ್ತಾರೆಂದು ಹಲವರು ಹಿಂಜರಿಯುತ್ತಾರೆ. ಈ ನಂಬರಿಗೆ ನೀವೇ ಫೋನ್ ಮಾಡಿದ್ದಾದರೆ ಅಂಜಿಕೆ ಬೇಡ. ಆ ಸಂಖ್ಯೆ ಅವರ ಬಳಿ ಸಾಮಾನ್ಯವಾಗಿ ಮೊದಲೇ ಇರುತ್ತದೆ.

ಉಳಿದ ಜಾಹೀರಾತುಗಳಿಗೆ ಡಿಎಂಎ ಚಾಯ್ಸ್ ಎಂಬ ಪಟ್ಟಿಯಿದೆ. ಜಾಹೀರಾತುದಾರರ ಸಂಘವೇ ನಡೆಸುವ ಇದರಲ್ಲಿ ಅಲ್ಪ ಶುಲ್ಕಕ್ಕೆ ಹತ್ತು ವರ್ಷ ಹೆಸರಿಡಬಹುದು. ಬೇಡದ್ದನ್ನು ಬೇಡವೆನ್ನಲೂ ಶುಲ್ಕವೇ ಎಂದು ಸಿಟ್ಟು ಬರುವುದು ಸಹಜ. ತೀರಿಕೊಂಡವರ ಹೆಸರನ್ನು ತೆಗೆಸಲು ಬೇರೆಯೇ ಪಟ್ಟಿಯಿದೆ. ಮನೆಯ ಯಜಮಾನರು ಹೋಗಿ ವರ್ಷವಾದರೂ ಅವರ ಹೆಸರಿಗೆ 'ಪ್ರಿಯ ಮಿತ್ರರೇ' ಎಂದು ಕಾಗದ ಬರುತ್ತಿದ್ದರೆ ಹೆಂಡತಿಗೆ ಹೇಗಾದೀತು?

'ನಿರಾಕರಿಸಲಾಗಿದೆ' ಎಂದು ಬರೆದು ಡಬ್ಬಿಗೆ ವಾಪಸು ಹಾಕುವ ಪದ್ಧತಿಯೂ ಇದೆ. ಮೊದಲ ದರ್ಜೆಯ ಕಾಗದ ನಿಜಕ್ಕೂ ಹಿಂದಕ್ಕೆ ಹೋಗುತ್ತದೆ. ಅಗ್ಗದ ದರದ ಜಾಹೀರಾತು, ಕಳಿಸಿದವರು ವಾಪಸು ಬೇಕೆಂದು ಲಕೋಟೆಯ ಮೇಲೆ ಅಚ್ಚು ಹಾಕಿಸಿರದಿದ್ದರೆ, ಅಂಚೆ ಕಚೇರಿಯ ಕಸದ ಬುಟ್ಟಿಗೆ ಬೀಳುತ್ತದೆ. ನಿಮ್ಮ ಬುಟ್ಟಿ ಉಳಿಯಿತು, ಅಷ್ಟೆ.

ಕೋರ್ಟು ಹೇಳಿದ್ದು

ಇನ್ನೊಂದು ಅಸ್ತ್ರ ಬಹಳ ಜನರಿಗೆ ಗೊತ್ತಿಲ್ಲ. ಅಶ್ಲೀಲ ಜಾಹೀರಾತುಗಳು ಮನೆಮನೆಗೆ ಬಂದು ಬೀಳುತ್ತಿವೆಯೆಂಬ ದೂರಿನ ಮೇಲೆ ಅಮೆರಿಕ 1967ರಲ್ಲಿ ಒಂದು ಕಾನೂನು ಮಾಡಿತು. ಕಾಮೋದ್ರೇಕಕಾರಿ ಎಂದು ಮನೆಯವರಿಗೆ ತೋರಿದ ಜಾಹೀರಾತನ್ನು ಇನ್ನು ಮುಂದೆ ಕಳಿಸಬಾರದೆಂದು ಅಂಚೆ ಇಲಾಖೆಯಿಂದ ಆಜ್ಞೆ ಕೊಡಿಸಬಹುದು. ಪಟ್ಟಿಗಳಿಂದ ಹೆಸರನ್ನೂ ಅಳಿಸಬೇಕು. ಪ್ರಕಾಶಕರು, ಪಟ್ಟಿ ಮಾರುವವರು ಎಲ್ಲ ಸೇರಿ ಇದು ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆಯೆಂದು ಕೋರ್ಟಿಗೆ ಹೋದರು. 1970ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅವರ ವಾದವನ್ನು ತಳ್ಳಿಹಾಕಿತು. ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ವಾರನ್ ಬರ್ಗರ್, ಕಳಿಸುವವನ ಹಕ್ಕು ಬೇಡವೆನ್ನುವವನ ಅಂಚೆ ಡಬ್ಬಿಯ ಬಳಿ ನಿಲ್ಲಬೇಕು ಎಂದರು. ಯಾವುದು ಅಶ್ಲೀಲವೆಂದು ತೀರ್ಮಾನಿಸುವವನು ಅಧಿಕಾರಿಯಲ್ಲ, ಮನೆಯವನೇ. ಬಟ್ಟೆ ಅಂಗಡಿಯ ಕ್ಯಾಟಲಾಗನ್ನೂ ಆತ ಹೀಗೆ ತಡೆಯಬಹುದೆಂದು ತೀರ್ಪಿನಲ್ಲೇ ಇದೆ. ಇಂದಿಗೂ 1500ನೇ ನಂಬರಿನ ಫಾರಂ ಅಂಚೆ ಕಚೇರಿಯಲ್ಲಿ ಸಿಗುತ್ತದೆ. ಸೋಫಾದ ಜಾಹೀರಾತು ನಿಮಗೆ ಅಶ್ಲೀಲವಾಗಿ ಕಂಡರೆ ಯಾರೂ ಪ್ರಶ್ನಿಸುವಂತಿಲ್ಲ!

ಹಿರಿಯರ ಮನೆಯಲ್ಲಿ ಮಾತ್ರ ಇದು ನಗುವ ವಿಷಯವಲ್ಲ. 1990ರ ದಶಕದಲ್ಲಿ ಮ್ಯಾಗಜೀನ್ ಚಂದಾ ಮಾರುವ ಕಂಪನಿಗಳು ಬಹುಮಾನದ ಕಾಗದಗಳನ್ನು ಹಂಚುತ್ತಿದ್ದವು. ಹೆಸರು ದಪ್ಪಕ್ಷರದಲ್ಲಿ, 'ನೀವು ಗೆದ್ದಿದ್ದೀರಿ' ಎಂಬ ಅರ್ಥ ಬರುವ ಸಾಲು, 'ಅದೃಷ್ಟ ಸಂಖ್ಯೆ ನಿಮ್ಮದಾಗಿದ್ದರೆ' ಎಂಬುದು ಸಣ್ಣಕ್ಷರದಲ್ಲಿ. ಇದನ್ನು ನಂಬಿದ ಕೆಲವು ವೃದ್ಧರು ಕಾಗದ ಹಿಡಿದು, ವಿಮಾನ ಹತ್ತಿ, ಒಂದು ಕೋಟಿ ಹತ್ತು ಲಕ್ಷ ಡಾಲರ್ ಪಡೆಯಲು ಫ್ಲಾರಿಡಾದ ಟ್ಯಾಂಪಾಕ್ಕೆ ಹೋದರು. ಚಂದಾ ಕಟ್ಟಿದರೆ ಗೆಲುವು ಹತ್ತಿರವಾದೀತೆಂದು ಪಿಂಚಣಿ ಸುರಿದವರೂ ಇದ್ದರು. 1999ರಲ್ಲಿ ಇದಕ್ಕೆಂದೇ ಕಾನೂನು ಬಂತು. ಏನನ್ನೂ ಕೊಳ್ಳಬೇಕಾಗಿಲ್ಲ, ಕೊಂಡರೂ ಗೆಲುವಿನ ಸಾಧ್ಯತೆ ಹೆಚ್ಚುವುದಿಲ್ಲ ಎಂದು ಕಾಣುವಂತೆ ಅಚ್ಚು ಹಾಕಬೇಕು. ಬೇಡವೆಂದವರ ಹೆಸರು ತೆಗೆಯಬೇಕು. ಮೋಸಗಾರರು ಕಾನೂನು ಓದಿ ಕಾಗದ ಬರೆಯುವುದಿಲ್ಲವಲ್ಲ! ಬಹುಮಾನ ಪಡೆಯಲು ಮೊದಲು ದುಡ್ಡು ಕಳಿಸಿ ಎಂದರೆ ಅದು ಬಹುಮಾನವಲ್ಲ ಎಂದು ಮನೆಯ ಹಿರಿಯರಿಗೆ ಮಕ್ಕಳು ಬಿಡಿಸಿ ಹೇಳಿಡುವುದು ಒಳ್ಳೆಯದು. ಒಮ್ಮೆ ಉತ್ತರಿಸಿದವರ ಹೆಸರು ಇಂಥವರ ನಡುವೆ ಕೈ ಬದಲಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಹೆಸರೇ ಇಲ್ಲದೆ 'ಈ ಮನೆಯಲ್ಲಿ ಇರುವವರಿಗೆ' ಎಂದು ಬೀದಿಗೆ ಬೀದಿಯೇ ಬರುವ ಕಾಗದವನ್ನು ತಡೆಯುವುದು ಕಷ್ಟ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ತೆಗೆಸುವುದೇನನ್ನು? ಈ ಗಂಟನ್ನು ಬಿಚ್ಚಿದ್ದು ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರ. ಬೇಡವೆನ್ನುವವರು ಬಾಗಿಲಿಗೆ ಚೀಟಿ ಅಂಟಿಸುವುದು ಅಲ್ಲಿ ಹಿಂದಿನ ಪದ್ಧತಿ. 2018ರಿಂದ ನಗರಸಭೆ ಅದನ್ನು ತಿರುವುಮುರುವು ಮಾಡಿತು: ಬೇಕೆನ್ನುವವರು ಚೀಟಿ ಅಂಟಿಸಲಿ, ಚೀಟಿಯಿಲ್ಲದ ಮನೆಗೆ ವಿಳಾಸವಿಲ್ಲದ ಜಾಹೀರಾತು ಹಾಕಬಾರದು. ಹಂಚುವ ಕಂಪನಿಗಳು ಕೋರ್ಟಿಗೆ ಹೋದವು. 2021ರಲ್ಲಿ ಅಲ್ಲಿನ ಪರಮೋಚ್ಚ ನ್ಯಾಯಾಲಯ ನಗರಸಭೆಯ ಪರ ನಿಂತಿತು. ನನಗಂತೂ ಇದೇ ಸರಿಯೆನ್ನಿಸುತ್ತದೆ. ಕರೆಯದೆ ಬಂದವನಿಗೆ ಹೋಗು ಎನ್ನುವ ಶ್ರಮ ಮನೆಯವನಿಗೇಕೆ?

ನಮ್ಮಲ್ಲಿ ಈ ಕಾಟ ಕಾಗದಕ್ಕಿಂತ ಫೋನಿನಲ್ಲಿ ಹೆಚ್ಚು. ಅದಕ್ಕೆ 2007ರಿಂದ ಬೇಡವೆನ್ನುವವರ ನೋಂದಣಿಯಿದೆ. 1909ಕ್ಕೆ ಫೋನ್ ಮಾಡಿದರೆ ಸಾಕು. ಕಾಗದಕ್ಕೆ ಹಾಗೆ ಒಮ್ಮೆ ಹೇಳಿ ಮುಗಿಸುವ ವ್ಯವಸ್ಥೆಯಿಲ್ಲ. ಬ್ಯಾಂಕು, ವಿಮೆಯವರು ಹೆಸರು ಹಾಕಿ ಕಳಿಸಿದರೆ ಅವರವರಿಗೇ ಬರೆಯಬೇಕು. ಬೆಳಿಗ್ಗೆ ಪತ್ರಿಕೆಯ ಮಡಿಕೆಯಿಂದ ಜಾರಿ ಬೀಳುವ ಟ್ಯೂಷನ್ನಿನ, ಸೀರೆ ಸೇಲಿನ ಕರಪತ್ರಗಳ ಬಗ್ಗೆಯಾದರೆ ತಿಂಗಳ ಬಿಲ್ಲಿಗೆ ಬರುವ ಪೇಪರ್ ಏಜೆಂಟರನ್ನೇ ಕೇಳಿ ನೋಡಬಹುದು.